ಚಿಕ್ಕ ಸ್ಟುಡಿಯೋಗೆ ಸ್ವಂತ ರೆಂಡರ್ ಫಾರ್ಮ್: ಲೆಕ್ಕದಿಂದ ಕೊನೆಯ ಫ್ರೇಮ್‌ವರೆಗೆ

"ವಿಎಫ್‌ಎಕ್ಸ್ ಕೆಲಸ ಶುರು ಮಾಡಿದ್ದೇವೆ. ರೆಂಡರ್‌ಗೆ ಎಷ್ಟು ಕಂಪ್ಯೂಟರ್ ತಗೋಬೇಕು? ಯಾವ ಗ್ರಾಫಿಕ್ಸ್ ಕಾರ್ಡ್ ಒಳ್ಳೇದು?" ಮೈಸೂರು, ಹುಬ್ಬಳ್ಳಿ, ಮಂಗಳೂರು ಎಲ್ಲ ಕಡೆಯಿಂದಲೂ ಓದುಗರು ಇದನ್ನೇ ಕೇಳುತ್ತಿದ್ದಾರೆ. ಹೆಚ್ಚಿನವರು ಮೂರ್ನಾಲ್ಕು ಗೆಳೆಯರು ಸೇರಿ ಸ್ಟುಡಿಯೋ ಮಾಡಿಕೊಂಡವರು. ಕೆಲವರು ಸಾಲ ಮಾಡಿ ಯಂತ್ರ ಕೊಳ್ಳಲು ಹೊರಟಿದ್ದಾರೆ. ಆ ಹಣ ವ್ಯರ್ಥವಾಗಬಾರದು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಕಾರ್ಡ್ ಯಾವುದು ಎನ್ನುವುದು ಮೊದಲ ಪ್ರಶ್ನೆಯಲ್ಲ. ರಾತ್ರಿ ಹಾಕಿದ ರೆಂಡರ್ ಬೆಳಿಗ್ಗೆ ಹಾಳಾಗಿದ್ದರೆ ಬಹಳ ಸಲ ಕಾರ್ಡ್‌ನ ತಪ್ಪೇ ಇರುವುದಿಲ್ಲ. ಟೆಕ್ಸ್ಚರ್, ಅಂದರೆ ಮಾಡೆಲ್ ಮೇಲೆ ಹೊದಿಸುವ ಚಿತ್ರ ಸಿಕ್ಕಿರುವುದಿಲ್ಲ, ಕರೆಂಟ್ ಕೈಕೊಟ್ಟಿರುತ್ತದೆ, ಇಲ್ಲವೇ ಸ್ಟೋರೇಜ್ ತುಂಬಿರುತ್ತದೆ. ಅದಕ್ಕೇ ಈ ಲೇಖನದಲ್ಲಿ ಕಾರ್ಡ್‌ಗಿಂತ ಕರೆಂಟ್ ಮತ್ತು ಫೈಲ್ ತಯಾರಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಕೆಲವು ಪದಗಳು ಗೊತ್ತಿರಲಿ. ಸಿನಿಮಾ ದೃಶ್ಯಕ್ಕೆ ಕಂಪ್ಯೂಟರ್‌ನಲ್ಲಿ ಮಾಡಿದ ಚಿತ್ರ ಸೇರಿಸುವ ಕೆಲಸವೇ ವಿಎಫ್‌ಎಕ್ಸ್. ಮಾಡೆಲ್, ಬೆಳಕು, ಕ್ಯಾಮೆರಾ ಎಲ್ಲ ಇರುವ ಸೀನ್ ಫೈಲ್‌ನಿಂದ ಕಂಪ್ಯೂಟರ್ ಅಂತಿಮ ಚಿತ್ರ ಲೆಕ್ಕ ಹಾಕಿ ತೆಗೆಯುವುದೇ ರೆಂಡರ್. ಸಿನಿಮಾದಲ್ಲಿ ಒಂದು ಸೆಕೆಂಡಿಗೆ ಇಂಥ 24 ಚಿತ್ರ ಬೇಕು. ಒಂದೊಂದು ಚಿತ್ರವೂ ಒಂದು ಫ್ರೇಮ್. ಫ್ರೇಮ್‌ಗಳನ್ನು ಹಂಚಿಕೊಂಡು ರೆಂಡರ್ ಮಾಡುವ ಕಂಪ್ಯೂಟರ್‌ಗಳ ಗುಂಪು ರೆಂಡರ್ ಫಾರ್ಮ್. ಆ ಗುಂಪಿನ ಒಂದೊಂದು ಕಂಪ್ಯೂಟರ್ ಒಂದು ನೋಡ್. ನೀವು ಫಾರ್ಮ್‌ಗೆ ಕಳಿಸುವ ಒಂದು ಶಾಟ್‌ನ ಕೆಲಸ ಒಂದು ಜಾಬ್. ಇಷ್ಟು ಸಾಕು, ಉಳಿದದ್ದನ್ನು ಬಂದಲ್ಲೇ ಹೇಳುತ್ತೇನೆ.

ಉದಾಹರಣೆಗಳೆಲ್ಲ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನವು. ಅದು ಉಚಿತ, ಎಷ್ಟು ನೋಡ್‌ಗೆ ಬೇಕಾದರೂ ಹಾಕಬಹುದು. ಮಾಯಾ, ಹುಡಿನಿಯಂಥ ಬೇರೆ 3ಡಿ ಸಾಫ್ಟ್‌ವೇರ್ ಬಳಸುವವರಿಗೂ ಹಂತಗಳು ಇವೇ.

1. ಖರೀದಿಗೆ ಮೊದಲು ಲೆಕ್ಕ

ನೀವು ಮಾಡಿದ ಕೆಲಸಗಳಲ್ಲಿ ತುಸು ಭಾರವಾದ ಒಂದು ಶಾಟ್ ತೆಗೆದುಕೊಳ್ಳಿ. ನಿಮ್ಮಲ್ಲಿ ಈಗ ಇರುವ ಕಂಪ್ಯೂಟರ್‌ನಲ್ಲೇ ಮೊದಲಿನ, ನಡುವಿನ ಮತ್ತು ಕೊನೆಯ ಫ್ರೇಮ್ ರೆಂಡರ್ ಮಾಡಿ. ಸಮಯ ಬರೆದಿಡಿ. ಸರಾಸರಿ 10 ನಿಮಿಷ ಬಂತು ಎಂದುಕೊಳ್ಳಿ.

10 ಸೆಕೆಂಡಿನ ಶಾಟ್ ಎಂದರೆ 240 ಫ್ರೇಮ್. 240 ಫ್ರೇಮ್‌ಗೆ ಹತ್ತತ್ತು ನಿಮಿಷ ಎಂದರೆ 2400 ನಿಮಿಷ, ಅಂದರೆ 40 ಗಂಟೆ. ಅಂಥದ್ದೇ 8 ನೋಡ್ ಇದ್ದರೆ 5 ಗಂಟೆ. ಸಂಜೆ ಹಾಕಿದರೆ ರಾತ್ರಿಯೊಳಗೆ ಮುಗಿಯುತ್ತದೆ.

ಆದರೆ ಶಾಟ್ ಒಂದೇ ಸಲಕ್ಕೆ ಒಪ್ಪಿಗೆ ಆಗುವುದಿಲ್ಲ, ಅಲ್ವಾ? ನಿರ್ದೇಶಕರು ಬೆಳಕು ಬದಲಿಸಿ ಎನ್ನುತ್ತಾರೆ. ಹೊಗೆ ಜಾಸ್ತಿ ಆಯಿತು ಎನ್ನುತ್ತಾರೆ. ಪ್ರತಿ ಶಾಟ್ ಕನಿಷ್ಠ ಮೂರು ಸಲವಾದರೂ ಪೂರ್ತಿ ರೆಂಡರ್ ಆಗುತ್ತದೆ ಎಂದಿಟ್ಟುಕೊಂಡೇ ಲೆಕ್ಕ ಹಾಕಿ. ತಿಂಗಳಿಗೆ ಎಷ್ಟು ಶಾಟ್, ಒಂದೊಂದರಲ್ಲಿ ಎಷ್ಟು ಫ್ರೇಮ್, ಫ್ರೇಮ್‌ಗೆ ಎಷ್ಟು ನಿಮಿಷ, ಎಷ್ಟು ಸಲ ಎನ್ನುವುದನ್ನು ಗುಣಿಸಿ. ಬಂದ ನಿಮಿಷಗಳನ್ನು ಗಂಟೆಗೆ ಬದಲಿಸಿ, ಒಂದು ಯಂತ್ರ ತಿಂಗಳಲ್ಲಿ ನಿಜವಾಗಿ ಬಿಡುವಾಗಿರುವ ಗಂಟೆಗಳಿಂದ ಭಾಗಿಸಿ. ಕಲಾವಿದರು ಕೂತು ಕೆಲಸ ಮಾಡುವ ಯಂತ್ರಗಳನ್ನೇ ನೋಡ್ ಮಾಡಿಕೊಂಡರೆ ದಿನಕ್ಕೆ ರಾತ್ರಿಯ 10-12 ತಾಸು ಮಾತ್ರ ಸಿಗುತ್ತದೆ. ನಿಮಗೆ ಎಷ್ಟು ನೋಡ್ ಬೇಕು ಎನ್ನುವುದಕ್ಕೆ ಈ ಸಂಖ್ಯೆಯೇ ಉತ್ತರ. ಬೇರೆಯವರ ಸ್ಟುಡಿಯೋದಲ್ಲಿ ಎಷ್ಟಿವೆ ಎನ್ನುವುದು ನಿಮಗೆ ಮುಖ್ಯವಲ್ಲ.

2. ಯಂತ್ರ ಕೊಳ್ಳದೆ ಉಳಿಸಬಹುದಾದ ಸಮಯ

ಲೆಕ್ಕ ನೋಡಿ ಗಾಬರಿಯಾಗಬೇಡಿ. ಫ್ರೇಮ್‌ನ ಸಮಯವನ್ನೇ ಇಳಿಸಲು ಆಗುತ್ತದಾ ನೋಡೋಣ.

ರೆಂಡರ್ ಲೆಕ್ಕ ಮಾಡುವ ಭಾಗವನ್ನು ರೆಂಡರರ್ ಎನ್ನುತ್ತಾರೆ. ಬ್ಲೆಂಡರ್‌ನಲ್ಲಿರುವ ಸೈಕಲ್ಸ್‌ನಂಥ ರೆಂಡರರ್‌ಗಳು ಬೆಳಕಿನ ಕಿರಣಗಳನ್ನು ಸುಮ್ನೆ ಅಲ್ಲಲ್ಲಿ ಬಿಟ್ಟು, ಅವು ಎಲ್ಲಿ ಬಡಿದು ಎಲ್ಲಿಗೆ ಹೋದವು ಎಂದು ನೋಡಿ ಬಣ್ಣ ಅಂದಾಜು ಮಾಡುತ್ತವೆ. ಒಂದು ಪಿಕ್ಸೆಲ್‌ಗೆ ಎಷ್ಟು ಸಲ ಹೀಗೆ ಮಾಡಬೇಕು ಎಂಬುದೇ ಸ್ಯಾಂಪಲ್. ಕಡಿಮೆಯಾದರೆ ಚಿತ್ರದಲ್ಲಿ ಮರಳಿನಂಥ ಚುಕ್ಕೆಗಳು ಕಾಣುತ್ತವೆ, ಅದನ್ನು ನಾಯ್ಸ್ ಎನ್ನುತ್ತಾರೆ. ನಾಯ್ಸ್ ಅರ್ಧಕ್ಕೆ ಇಳಿಯಬೇಕಾದರೆ ಸ್ಯಾಂಪಲ್ ನಾಲ್ಕು ಪಟ್ಟು ಬೇಕು. 128ರಿಂದ 512ಕ್ಕೆ ಹೋದರೆ ಸಮಯವೂ ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಸ್ಯಾಂಪಲ್ ಏರಿಸುತ್ತಾ ಹೋಗುವುದು ದುಬಾರಿ ದಾರಿ. ನಾಯ್ಸ್ ಒರೆಸುವ ಇಂಟೆಲ್‌ನ ಓಪನ್ ಇಮೇಜ್ ಡಿನಾಯ್ಸ್ ಬ್ಲೆಂಡರ್ ಜೊತೆಗೇ ಬರುತ್ತದೆ, ಅದನ್ನು ಬಳಸಿ. ನಾಯ್ಸ್ ಥ್ರೆಶೋಲ್ಡ್ ಆನ್ ಇಟ್ಟರೆ ಸ್ವಚ್ಛವಾದ ಪಿಕ್ಸೆಲ್‌ಗಳಲ್ಲಿ ಕೆಲಸ ಬೇಗ ನಿಲ್ಲುತ್ತದೆ.

ಎಚ್ಚರಿಕೆ: ಡಿನಾಯ್ಸ್ ಆದ ಒಂದು ಫ್ರೇಮ್ ಸುಂದರವಾಗಿ ಕಾಣಬಹುದು. ಓಡಿಸಿದಾಗ ಗೋಡೆ, ಚರ್ಮ, ನೆರಳು ಮಿಣಮಿಣ ಅಲುಗಾಡಬಹುದು. ಕನಿಷ್ಠ 48 ಫ್ರೇಮ್ ಓಡಿಸಿ ನೋಡದೆ ಸ್ಯಾಂಪಲ್ ಸಂಖ್ಯೆ ತೀರ್ಮಾನಿಸಬೇಡಿ.

ಕ್ಯಾಮೆರಾ ಮಾತ್ರ ಓಡಾಡುವ, ಸೀನ್ ಬದಲಾಗದ ಶಾಟ್ ಇದ್ದರೆ ಬ್ಲೆಂಡರ್‌ನ ಪರ್ಸಿಸ್ಟೆಂಟ್ ಡೇಟಾ ಆನ್ ಮಾಡಿ. ಸೀನನ್ನು ಪ್ರತಿ ಫ್ರೇಮ್‌ಗೂ ಹೊಸದಾಗಿ ಲೋಡ್ ಮಾಡುವುದು ತಪ್ಪುತ್ತದೆ. ಗ್ರಾಹಕರು 2ಕೆ, ಅಂದರೆ ಸುಮಾರು 2000 ಪಿಕ್ಸೆಲ್ ಅಗಲದ ಚಿತ್ರ ಕೇಳಿದ್ದರೆ 4ಕೆ ಯಾಕೆ? 4ಕೆಗೆ ನಾಲ್ಕು ಪಟ್ಟು ಪಿಕ್ಸೆಲ್.

ಫಾರ್ಮ್ ಬೇಕೇ ಬೇಕು ಅಂತಲೂ ಇಲ್ಲ. 2025ರಲ್ಲಿ ಆಸ್ಕರ್ ಪಡೆದ ಲಾಟ್ವಿಯಾದ ಅನಿಮೇಶನ್ ಚಿತ್ರ 'ಫ್ಲೋ' ಬ್ಲೆಂಡರ್‌ನ ಈವಿ ರೆಂಡರರ್‌ನಲ್ಲಿ ಆದದ್ದು. ಅದಕ್ಕೆ ಫಾರ್ಮ್ ಬಳಸಿಲ್ಲ, ನಿರ್ದೇಶಕರ ಕಂಪ್ಯೂಟರ್‌ನಲ್ಲೇ ರೆಂಡರ್ ಆಯಿತು. ಈವಿ ಆಟಗಳ ಗ್ರಾಫಿಕ್ಸ್‌ನಂತೆ ವೇಗವಾಗಿ ಕೆಲಸ ಮಾಡುತ್ತದೆ. ನಿಜವಾದ ಶೂಟಿಂಗ್ ದೃಶ್ಯದೊಳಗೆ ಕಂಪ್ಯೂಟರ್ ವಸ್ತುವನ್ನು ಕೂರಿಸುವಾಗ ಸೈಕಲ್ಸ್‌ನಷ್ಟು ನಿಖರವಾದ ಬೆಳಕು ಅದರಲ್ಲಿ ಸಿಗುವುದಿಲ್ಲ. ಆದರೆ ನಿಮ್ಮ ಕೆಲಸ ಬರೀ ಟೈಟಲ್, ಮೋಶನ್ ಗ್ರಾಫಿಕ್ಸ್, ಕಾರ್ಟೂನ್ ಶೈಲಿ ಆಗಿದ್ದರೆ ಇಲ್ಲೇ ನಿಂತು ಯೋಚನೆ ಮಾಡಿ.

3. ನೋಡ್‌ನಲ್ಲಿ ಏನಿರಬೇಕು

ರೆಂಡರ್ ಎರಡು ಥರ. ಮುಖ್ಯ ಪ್ರೊಸೆಸರ್‌ನಲ್ಲಿ, ಅಂದರೆ ಸಿಪಿಯುನಲ್ಲಿ ಮಾಡಬಹುದು. ಗ್ರಾಫಿಕ್ಸ್ ಕಾರ್ಡ್‌ನಲ್ಲಿ, ಅಂದರೆ ಜಿಪಿಯುನಲ್ಲಿ ಮಾಡಬಹುದು. ಸೈಕಲ್ಸ್‌ಗೆ ಜಿಪಿಯು ಬಹಳ ವೇಗ. ಕೊಟ್ಟ ಹಣಕ್ಕೆ ಹೆಚ್ಚು ಫ್ರೇಮ್ ಸಿಗುವುದೂ ಅದರಲ್ಲೇ. ಆದರೆ ಅದರ ಮೆಮೊರಿಗೆ ಮಿತಿ ಇದೆ. ಸಿಪಿಯು ನಿಧಾನ, ಆದರೆ 64 ಅಥವಾ 128 ಜಿಬಿ ರ್ಯಾಮ್ ಹಾಕಿಕೊಂಡು ದೊಡ್ಡ ಕಾಡು, ದೊಡ್ಡ ಊರು ರೆಂಡರ್ ಮಾಡಬಹುದು.

ಜಿಪಿಯು ಕೊಳ್ಳುವಾಗ ವೇಗಕ್ಕಿಂತ ಮೊದಲು ಕಾರ್ಡ್‌ನ ಸ್ವಂತ ಮೆಮೊರಿ, ಅಂದರೆ ವಿ-ರ್ಯಾಮ್ ಎಷ್ಟಿದೆ ನೋಡಿ. ಯಾಕೆಂದರೆ ಒಂದು 4ಕೆ ಟೆಕ್ಸ್ಚರ್ ಡಿಸ್ಕ್‌ನಲ್ಲಿ 5-6 ಎಂಬಿ ಇದ್ದರೂ ಮೆಮೊರಿಯಲ್ಲಿ ಬಿಚ್ಚಿಕೊಂಡಾಗ 64 ಎಂಬಿ ಆಗುತ್ತದೆ. 8ಕೆ ಆದರೆ 256 ಎಂಬಿ. ಅಂಥ 40 ಟೆಕ್ಸ್ಚರ್ ಇದ್ದರೆ 10 ಜಿಬಿ ಅಲ್ಲಿಗೇ ಮುಗಿಯಿತು. ವಿ-ರ್ಯಾಮ್ ತುಂಬಿದರೆ ರೆಂಡರ್ ತುಂಬಾ ನಿಧಾನವಾಗುತ್ತದೆ, ಇಲ್ಲವೇ ನಿಂತುಬಿಡುತ್ತದೆ. ಸಿನಿಮಾ ಕೆಲಸಕ್ಕೆ 12 ಜಿಬಿಯನ್ನು ಕೆಳಗಿನ ಮಿತಿ ಎಂದು ಇಟ್ಟುಕೊಳ್ಳಿ. 16 ಅಥವಾ 24 ಇದ್ದರೆ ನೆಮ್ಮದಿ.

ಇಲ್ಲಿ ತುಂಬಾ ಜನ ಎಡವುತ್ತಾರೆ. ಒಂದೇ ಯಂತ್ರಕ್ಕೆ 12 ಜಿಬಿಯ ಎರಡು ಕಾರ್ಡ್ ಹಾಕಿದರೆ 24 ಜಿಬಿ ಆಗುವುದಿಲ್ಲ. ಸಾಮಾನ್ಯವಾಗಿ ಪೂರ್ತಿ ಸೀನ್ ಎರಡೂ ಕಾರ್ಡ್‌ಗಳಲ್ಲಿ ಬೇರೆ ಬೇರೆಯಾಗಿ ಕೂರಬೇಕು. ವೇಗ ಹೆಚ್ಚುತ್ತದೆ, ಜಾಗ ಹೆಚ್ಚುವುದಿಲ್ಲ.

ಯಂತ್ರದ ರ್ಯಾಮ್ ವಿ-ರ್ಯಾಮ್‌ನ ಎರಡು ಪಟ್ಟಾದರೂ ಇರಲಿ. ಸಾಧ್ಯವಾದರೆ ಎಲ್ಲಾ ನೋಡ್‌ಗೂ ಒಂದೇ ಕಾರ್ಡ್ ಕೊಳ್ಳಿ, ಯಾವ ಫ್ರೇಮ್ ಎಷ್ಟು ಹೊತ್ತು ಎಂದು ಅಂದಾಜು ಸಿಗುತ್ತದೆ. ಮೊದಲು ಎರಡೇ ನೋಡ್ ಕೊಳ್ಳಿ. ಒಂದು ತಿಂಗಳು ಓಡಿಸಿ. ಆಮೇಲೆ ಉಳಿದವು.

4. ಕರೆಂಟ್ ಮತ್ತು ಬಿಸಿ

ಈ ಹಂತವನ್ನು ದಯವಿಟ್ಟು ಹಾರಿಸಬೇಡಿ. ಇಲ್ಲಿ ತಪ್ಪಾದರೆ ಹಾಳಾಗುವುದು ಫ್ರೇಮ್ ಮಾತ್ರವಲ್ಲ, ಬೆಂಕಿಯ ಅಪಾಯವೂ ಇದೆ.

ರೆಂಡರ್ ಆಗುತ್ತಿರುವಾಗ ಒಂದು ನೋಡ್ ಎಷ್ಟು ವ್ಯಾಟ್ ಎಳೆಯುತ್ತದೆ ಎಂದು ಪ್ಲಗ್‌ಗೆ ಸಿಕ್ಕಿಸುವ ಮೀಟರ್ ಇಟ್ಟು ಅಳೆಯಿರಿ. ದೊಡ್ಡ ಕಾರ್ಡ್ ಇರುವ ಯಂತ್ರ 600 ವ್ಯಾಟ್ ಸುಲಭವಾಗಿ ಮುಟ್ಟುತ್ತದೆ. ಆರ್‌ಟಿಎಕ್ಸ್ 4090 ಕಾರ್ಡ್ ಒಂದಕ್ಕೇ 450 ವ್ಯಾಟ್ ಎಂದು ಕಂಪನಿಯೇ ಹೇಳುತ್ತದೆ. 600 ವ್ಯಾಟ್‌ನ 8 ನೋಡ್ ಎಂದರೆ 4.8 ಕಿಲೋವ್ಯಾಟ್. 230 ವೋಲ್ಟ್‌ನಲ್ಲಿ ಅದು ಸುಮಾರು 21 ಆಂಪಿಯರ್. ನಮ್ಮ ಮನೆಗಳ ಮಾಮೂಲಿ ಪ್ಲಗ್ ಪಾಯಿಂಟ್ 6 ಆಂಪಿಯರ್, ಗೀಸರ್‌ನ ದಪ್ಪ ಪಾಯಿಂಟ್ 16 ಆಂಪಿಯರ್.

ಅಂದರೆ 6 ಆಂಪಿಯರ್‌ನ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಎರಡು ನೋಡ್ ಸಿಕ್ಕಿಸಿದರೆ ಆಗಲೇ ಮಿತಿಯ ಹತ್ತಿರ ಬಂದಿರಿ. ರಾತ್ರಿಯಿಡೀ ಹಾಗೆ ಓಡಿದರೆ ಬೋರ್ಡ್ ಕರಗುವ ಅಪಾಯ ಇದೆ. ಎಲೆಕ್ಟ್ರಿಷಿಯನ್ ಕರೆಸಿ. ಫಾರ್ಮ್‌ಗೇ ಅಂತ ಪ್ರತ್ಯೇಕ 16 ಆಂಪಿಯರ್ ಲೈನ್‌ಗಳನ್ನು, ಒಂದೊಂದಕ್ಕೂ ಬೇರೆ ಎಂಸಿಬಿ (ಲೋಡ್ ಮೀರಿದರೆ ತಾನೇ ಬೀಳುವ ಸ್ವಿಚ್) ಹಾಕಿ ಎಳೆಸಿ. ಒಂದು ಲೈನ್‌ಗೆ ಇಂಥ ನಾಲ್ಕು ನೋಡ್‌ಗಿಂತ ಜಾಸ್ತಿ ಬೇಡ. ಅರ್ಥಿಂಗ್ ಸರಿ ಇದೆಯಾ ಅಂತ ಅಳತೆ ಮಾಡಿಸಿ, ಬಾಯಿ ಮಾತಿಗೆ ಒಪ್ಪಬೇಡಿ.

ಮುಂದೆ ವಿದ್ಯುತ್ ಬಿಲ್ ತೆಗೆದು ನೋಡಿ. ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಅದರಲ್ಲಿ ಬರೆದಿರುತ್ತದೆ. ಬಾಡಿಗೆ ಮನೆಯಲ್ಲಿ ಸ್ಟುಡಿಯೋ ಇದ್ದರೆ ಅದು 3 ಕಿಲೋವ್ಯಾಟೇ ಇರಬಹುದು. ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ನಿಮ್ಮ ಊರಿಗೆ ಯಾವುದೋ ಅಲ್ಲಿ ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕಿ. ಎಸಿಯನ್ನೂ ಸೇರಿಸಿಯೇ ಕೇಳಿ. ಮನೆ ಮಾಲೀಕರ ಒಪ್ಪಿಗೆ ಬೇಕಾಗುತ್ತದೆ, ಮೊದಲೇ ಮಾತಾಡಿ.

ಈಗ ಬಿಸಿ. ಕಂಪ್ಯೂಟರ್ ಎಳೆದ ಕರೆಂಟೆಲ್ಲ ಕೊನೆಗೆ ಕೋಣೆಯೊಳಗೆ ಬಿಸಿಯಾಗಿಯೇ ಬರುತ್ತದೆ. 1 ಟನ್ ಎಸಿ ಸುಮಾರು 3.5 ಕಿಲೋವ್ಯಾಟ್ ಬಿಸಿ ಹೊರಹಾಕುತ್ತದೆ. ನಿಮ್ಮ 4.8 ಕಿಲೋವ್ಯಾಟ್‌ಗೆ ಯಂತ್ರಗಳಿಗೆ ಮಾತ್ರವೇ ಸುಮಾರು 1.4 ಟನ್ ಬೇಕು. ಪಶ್ಚಿಮಕ್ಕೆ ಗೋಡೆ ಇದ್ದರೆ, ತಾರಸಿ ಕೆಳಗಿನ ಕೋಣೆಯಾದರೆ 2 ಟನ್ ಬೇಕಾಗುತ್ತದೆ. ನನ್ನ ಅಭಿಪ್ರಾಯ: ಒಂದು ದೊಡ್ಡ ಎಸಿಗಿಂತ ಎರಡು ಚಿಕ್ಕವು ಒಳ್ಳೆಯದು. ಒಂದು ಕೆಟ್ಟರೂ ಇನ್ನೊಂದು ಕೋಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ನೀವು ಅರ್ಧದಷ್ಟು ನೋಡ್ ಆಫ್ ಮಾಡಿ ಕೆಲಸ ಮುಂದುವರಿಸಬಹುದು.

ಖರ್ಚಿಲ್ಲದ ಉಪಾಯವೂ ಒಂದಿದೆ. ಗ್ರಾಫಿಕ್ಸ್ ಕಾರ್ಡ್‌ನ ಪವರ್ ಲಿಮಿಟನ್ನು ಸಾಫ್ಟ್‌ವೇರ್‌ನಲ್ಲೇ 75-80 ಶೇಕಡಾಕ್ಕೆ ಇಳಿಸಿ ನೋಡಿ. ವೇಗ ಅಷ್ಟೇನೂ ಇಳಿಯುವುದಿಲ್ಲ, ಬಿಸಿ ಮತ್ತು ಬಿಲ್ ಚೆನ್ನಾಗಿ ಇಳಿಯುತ್ತವೆ. ನಿಮ್ಮದೇ ಫ್ರೇಮ್ ಹಾಕಿ ಎರಡೂ ರೀತಿ ಸಮಯ ನೋಡಿ ತೀರ್ಮಾನಿಸಿ.

ಯುಪಿಎಸ್ ಎಲ್ಲಾ ನೋಡ್‌ಗೂ ಬೇಕಾ ಅಂತ ಕೇಳುತ್ತಾರೆ. ಬೇಡ. ಸ್ಟೋರೇಜ್, ಯಂತ್ರಗಳನ್ನು ಕೇಬಲ್‌ನಿಂದ ಜೋಡಿಸುವ ನೆಟ್‌ವರ್ಕ್ ಸ್ವಿಚ್ ಮತ್ತು ನೋಡ್‌ಗಳಿಗೆ ಕೆಲಸ ಹಂಚುವ ಮ್ಯಾನೇಜರ್ ಕಂಪ್ಯೂಟರ್, ಈ ಮೂರಕ್ಕೆ ಒಳ್ಳೆಯ ಯುಪಿಎಸ್ ಇರಲಿ. ನೋಡ್ ಆರಿದರೆ ಹೋಗುವುದು ಅದು ಮಾಡುತ್ತಿದ್ದ ಒಂದು ಫ್ರೇಮ್. ಸ್ಟೋರೇಜ್ ದಿಢೀರ್ ಆರಿದರೆ ಇಡೀ ಪ್ರಾಜೆಕ್ಟ್ ಅಪಾಯದಲ್ಲಿರುತ್ತದೆ. ನೋಡ್‌ಗಳಿಗೆ ವೋಲ್ಟೇಜ್ ಏರಿಳಿತದಿಂದ ರಕ್ಷಣೆ ಇದ್ದರೆ ಸಾಕು. ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ಇದು ಬಹಳ ಮುಖ್ಯ. ಬಯೋಸ್‌ನಲ್ಲಿ, ಕರೆಂಟ್ ಬಂದೊಡನೆ ಯಂತ್ರ ತಾನೇ ಶುರುವಾಗುವ ಆಯ್ಕೆ ಇರುತ್ತದೆ. ಬೇಕಾದರೆ ಬಳಸಿ, ಆದರೆ ಎಲ್ಲವೂ ಒಂದೇ ಕ್ಷಣಕ್ಕೆ ಶುರುವಾದರೆ ಎಂಸಿಬಿ ಬೀಳಬಹುದು. ನಿಮ್ಮ ಬೋರ್ಡ್‌ನಲ್ಲಿ ಒಂದು ಸಲ ಪರೀಕ್ಷೆ ಮಾಡಿ.

5. ನೆಟ್‌ವರ್ಕ್ ಮತ್ತು ಸ್ಟೋರೇಜ್

ಎಲ್ಲಾ ನೋಡ್‌ಗಳೂ ಒಂದೇ ಜಾಗದಿಂದ ಫೈಲ್ ಓದಿ, ಒಂದೇ ಜಾಗಕ್ಕೆ ಫ್ರೇಮ್ ಬರೆಯಬೇಕು. ಆ ಜಾಗವೇ ಹಂಚಿಕೆಯ ಸ್ಟೋರೇಜ್. ನೆಟ್‌ವರ್ಕ್‌ಗೆ ಸೇರಿಸಿದ ಡಿಸ್ಕ್ ಪೆಟ್ಟಿಗೆ, ಅಂದರೆ ನ್ಯಾಸ್ ಆಗಬಹುದು, ಇಲ್ಲವೇ ಅದಕ್ಕೇ ಮೀಸಲಾದ ಒಂದು ಕಂಪ್ಯೂಟರ್ ಆಗಬಹುದು.

ಇಲ್ಲೂ ಲೆಕ್ಕ ಹಾಕಿ. ಒಂದು ಗಿಗಾಬಿಟ್ ಕೇಬಲ್‌ನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಹೋಗುತ್ತದೆ. ಸೀನ್, ಟೆಕ್ಸ್ಚರ್, ಕ್ಯಾಶ್ (ಮೊದಲೇ ಲೆಕ್ಕ ಮಾಡಿ ಉಳಿಸಿದ ಫೈಲ್‌ಗಳು) ಸೇರಿ 4 ಜಿಬಿ ಇದೆ ಎಂದಿಟ್ಟುಕೊಳ್ಳಿ. 8 ನೋಡ್ ಒಟ್ಟಿಗೆ ಕೇಳಿದರೆ 32 ಜಿಬಿ. ಸ್ಟೋರೇಜ್‌ನಿಂದ ಬರುವ ಒಂದೇ ಕೇಬಲ್‌ನಲ್ಲಿ ಅಷ್ಟು ಸಾಗಲು ಐದು ನಿಮಿಷ ಹತ್ತಿರ ಬೇಕು. ಫ್ರೇಮ್ ರೆಂಡರ್ ಆಗುವುದು ಮೂರೇ ನಿಮಿಷವಾದರೆ ನಿಮ್ಮ ದುಬಾರಿ ಕಾರ್ಡ್‌ಗಳು ಹೆಚ್ಚು ಹೊತ್ತು ಕಾಯುತ್ತಲೇ ಕೂರುತ್ತವೆ. ಪರಿಹಾರ ದುಬಾರಿಯಲ್ಲ. ಸ್ಟೋರೇಜ್‌ನಿಂದ ಸ್ವಿಚ್‌ವರೆಗಿನ ಒಂದು ಕೊಂಡಿಯನ್ನು ಮಾತ್ರ 10 ಗಿಗಾಬಿಟ್ ಮಾಡಿ. ನೋಡ್‌ಗಳಿಗೆ ಮಾಮೂಲಿ ಗಿಗಾಬಿಟ್ ಸಾಕು. ಸ್ಟೋರೇಜ್‌ನಲ್ಲಿ ಈಗ ನಡೆಯುತ್ತಿರುವ ಪ್ರಾಜೆಕ್ಟ್ ಎಸ್‌ಎಸ್‌ಡಿ ಮೇಲಿರಲಿ. ವೈಫೈ ಮೇಲೆ ಫಾರ್ಮ್ ಓಡಿಸಬೇಡಿ.

ಜಾಗ ಎಷ್ಟು ಬೇಕು? ಸಿನಿಮಾ ಕೆಲಸಕ್ಕೆ ಫ್ರೇಮ್‌ಗಳನ್ನು ಓಪನ್ ಇಎಕ್ಸ್‌ಆರ್ ಎಂಬ ರೂಪದಲ್ಲಿ ಉಳಿಸುತ್ತಾರೆ. ಹಾಲಿವುಡ್‌ನ ವಿಎಫ್‌ಎಕ್ಸ್ ಸ್ಟುಡಿಯೋ ಐಎಲ್‌ಎಂ ತನಗಾಗಿ ಮಾಡಿಕೊಂಡು 2003ರಲ್ಲಿ ಎಲ್ಲರಿಗೂ ತೆರೆದಿಟ್ಟ ರೂಪ ಅದು. ತುಂಬಾ ಬೆಳಕಿನ, ತುಂಬಾ ಕತ್ತಲೆಯ ವಿವರಗಳೆರಡನ್ನೂ ಹಿಡಿದಿಡುತ್ತದೆ. 2ಕೆಯ ಒಂದು ಫ್ರೇಮ್ ಒತ್ತದೆ, ಅಂದರೆ ಕಂಪ್ರೆಸ್ ಮಾಡದೆ ಇಟ್ಟರೆ ಸುಮಾರು 18 ಎಂಬಿ. ನೆರಳು, ಪ್ರತಿಫಲನ, ದೂರ ಎಂದು 10 ಲೇಯರ್ ಬೇರೆ ಮಾಡಿದರೆ 180 ಎಂಬಿ. 240 ಫ್ರೇಮ್‌ಗೆ 43 ಜಿಬಿ. ಒತ್ತಿದರೆ ಕಡಿಮೆಯಾಗುತ್ತದೆ ನಿಜ, ಆದರೆ ಒಂದು ಶಾಟ್‌ನ ಐದು ಆವೃತ್ತಿ ಆಗುವಾಗ ಡಿಸ್ಕ್ ಎಷ್ಟು ಬೇಗ ತುಂಬುತ್ತದೆ ನೋಡಿ. ಡಿಸ್ಕ್ ತುಂಬಿದ ಫಾರ್ಮ್ ರಾತ್ರಿಯಿಡೀ ಏನೂ ಬರೆಯದೆ ಬಿಸಿಯಾಗುತ್ತಾ ಕೂರುತ್ತದೆ. ಪ್ರತಿ ಸಂಜೆ ಖಾಲಿ ಜಾಗ ನೋಡುವ ಅಭ್ಯಾಸ ಮಾಡಿಕೊಳ್ಳಿ.

ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ವ್ಯವಸ್ಥೆ) ಇದೆ, ಹಾಗಾಗಿ ಬ್ಯಾಕಪ್ ಬೇಡ ಎನ್ನಬೇಡಿ. ಒಂದು ಡಿಸ್ಕ್ ಕೆಟ್ಟರೆ ರೇಡ್ ಕಾಪಾಡುತ್ತದೆ. ಯಾರೋ ಫೋಲ್ಡರ್ ಅಳಿಸಿದರೆ ಕಾಪಾಡುವುದಿಲ್ಲ. ಸೀನ್ ಫೈಲ್‌ಗಳ ಪ್ರತಿ ಇನ್ನೊಂದು ಕಟ್ಟಡದಲ್ಲಿರಲಿ.

6. ಎಲ್ಲಾ ನೋಡ್ ಒಂದೇ ಥರ

ಬ್ಲೆಂಡರ್ ಆವೃತ್ತಿ, ಆಡ್-ಆನ್‌ಗಳು, ಗ್ರಾಫಿಕ್ಸ್ ಡ್ರೈವರ್, ಫಾಂಟ್‌ಗಳು ಎಲ್ಲವೂ ಎಲ್ಲಾ ನೋಡ್‌ನಲ್ಲೂ ಒಂದೇ ಆಗಿರಬೇಕು. ಒಂದು ನೋಡ್‌ನಲ್ಲಿ ಬೇರೆ ಡಿನಾಯ್ಸರ್ ಇದ್ದರೆ ಪ್ರತಿ ಎಂಟನೇ ಫ್ರೇಮ್ ಮಿಟುಕುತ್ತದೆ, ಕಾರಣ ಹುಡುಕಲು ಒಂದು ದಿನ ಹೋಗುತ್ತದೆ. ಕನ್ನಡ ಅಕ್ಷರಗಳಿರುವ ಟೈಟಲ್ ಇದ್ದರೆ ಆ ಪಠ್ಯವನ್ನು ಮೆಶ್, ಅಂದರೆ 3ಡಿ ಆಕಾರವಾಗಿ ಬದಲಿಸಿಯೇ ಕಳಿಸಿ, ಫಾಂಟ್ ಸಿಗದ ತೊಂದರೆಯೇ ಇರುವುದಿಲ್ಲ.

ವಿಂಡೋಸ್ ಬಳಸಿದರೆ ಸ್ಲೀಪ್ ಆಫ್ ಮಾಡಿ, ತಾನೇ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆಗುವುದನ್ನು ತಡೆಯಿರಿ. ಮಾಮೂಲಿ ವಿಂಡೋಸ್ ಯಂತ್ರವನ್ನೇ ಸ್ಟೋರೇಜ್ ಮಾಡಿಕೊಂಡರೆ ಒಮ್ಮೆಗೆ 20 ಸಾಧನಗಳು ಮಾತ್ರ ಸೇರಬಹುದು, ಅದು ನೆನಪಿರಲಿ. ಕಲಿಯಲು ಸಿದ್ಧರಿದ್ದರೆ ನೋಡ್‌ಗಳಿಗೆ ಲಿನಕ್ಸ್ ಹಾಕಿ. ಲೈಸೆನ್ಸ್ ಖರ್ಚಿಲ್ಲ, ತಾನಾಗಿ ರೀಸ್ಟಾರ್ಟ್ ಆಗುವ ಕಾಟವಿಲ್ಲ. ಇದು ಹೊಸ ಪ್ರಯೋಗವೇನಲ್ಲ. 1997ರ 'ಟೈಟಾನಿಕ್' ಚಿತ್ರಕ್ಕೆ ಡಿಜಿಟಲ್ ಡೊಮೇನ್ ಸ್ಟುಡಿಯೋ ಡೆಕ್ ಆಲ್ಫಾ ಯಂತ್ರಗಳ ಮೇಲೆ ಲಿನಕ್ಸ್ ಹಾಕಿಯೇ ಬಹಳಷ್ಟು ರೆಂಡರ್ ಮಾಡಿತ್ತು. ಒಂದು ಎಚ್ಚರಿಕೆ: ಲಿನಕ್ಸ್‌ಗೆ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ಫೈಲ್ ಹೆಸರುಗಳನ್ನು ಮೊದಲಿಂದಲೇ ಚಿಕ್ಕಕ್ಷರದಲ್ಲಿ, ಜಾಗ ಬಿಡದೆ ಬರೆಯಿರಿ.

7. ಮ್ಯಾನೇಜರ್ ಸಾಫ್ಟ್‌ವೇರ್

ಕಟ್ಟಡದ ಕೆಲಸದಲ್ಲಿ ಮೇಸ್ತ್ರಿ ಇರುವಂತೆ, ಯಾವ ನೋಡ್ ಯಾವ ಫ್ರೇಮ್ ಮಾಡಬೇಕು, ಯಾವುದು ಮುಗಿಯಿತು, ಯಾವುದು ಮತ್ತೆ ಮಾಡಬೇಕು ಎಂದು ನೋಡಿಕೊಳ್ಳಲು ಒಂದು ಸಾಫ್ಟ್‌ವೇರ್ ಬೇಕು.

ಎರಡು-ಮೂರೇ ಯಂತ್ರ ಇದ್ದರೆ ಅದೂ ಬೇಡ. ಬ್ಲೆಂಡರ್‌ನ ಔಟ್‌ಪುಟ್ ವಿಭಾಗದಲ್ಲಿ ಓವರ್‌ರೈಟ್ ತೆಗೆದು, ಪ್ಲೇಸ್‌ಹೋಲ್ಡರ್ ಆನ್ ಮಾಡಿ. ಫೈಲ್ ಸೇವ್ ಮಾಡಿ ಹಂಚಿಕೆಯ ಫೋಲ್ಡರ್‌ನಲ್ಲಿಡಿ. ಎಲ್ಲಾ ಯಂತ್ರದಲ್ಲೂ ಅದನ್ನೇ ತೆರೆದು ರೆಂಡರ್ ಅನಿಮೇಶನ್ ಒತ್ತಿ. ಒಂದು ಯಂತ್ರ ಫ್ರೇಮ್ ಶುರು ಮಾಡುವಾಗ ಖಾಲಿ ಫೈಲ್ ಇಡುತ್ತದೆ, ಉಳಿದವು ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತವೆ. ಮಧ್ಯದಲ್ಲಿ ಯಂತ್ರ ಕೆಟ್ಟರೆ ಆ ಖಾಲಿ ಫೈಲ್ ಹಾಗೇ ಉಳಿಯುತ್ತದೆ. ಬೆಳಿಗ್ಗೆ ಶೂನ್ಯ ಗಾತ್ರದ ಫೈಲ್‌ಗಳನ್ನು ಅಳಿಸಿ ಮತ್ತೆ ಓಡಿಸಿ.

ಅದಕ್ಕಿಂತ ಹೆಚ್ಚಾದರೆ ಫ್ಲಮೆಂಕೊ ಬಳಸಿ. ಬ್ಲೆಂಡರ್ ಸ್ಟುಡಿಯೋದವರೇ ಮಾಡಿದ ಉಚಿತ ಸಾಫ್ಟ್‌ವೇರ್. ಅದರಲ್ಲಿ ಎರಡು ಭಾಗ. ಮ್ಯಾನೇಜರ್ ಒಂದು ಕಂಪ್ಯೂಟರ್‌ನಲ್ಲಿ, ವರ್ಕರ್ ಪ್ರತಿ ನೋಡ್‌ನಲ್ಲಿ. ಮ್ಯಾನೇಜರ್ ಶುರು ಮಾಡಿದರೆ ಬ್ರೌಸರ್‌ನಲ್ಲಿ ಒಂದು ಪುಟ ತೆರೆಯುತ್ತದೆ. ಹಂಚಿಕೆಯ ಫೋಲ್ಡರ್ ಎಲ್ಲಿ, ಬ್ಲೆಂಡರ್ ಎಲ್ಲಿ ಎಂದು ಕೇಳುತ್ತದೆ, ಹೇಳಿ. ಬ್ಲೆಂಡರ್‌ಗೆ ಬೇಕಾದ ಆಡ್-ಆನ್ ಕೂಡ ಆ ಪುಟದಲ್ಲೇ ಸಿಗುತ್ತದೆ. ಆಮೇಲೆ ನೋಡ್‌ಗಳಲ್ಲಿ ವರ್ಕರ್ ಓಡಿಸಿ. ಒಂದೇ ನೆಟ್‌ವರ್ಕ್‌ನಲ್ಲಿದ್ದರೆ ಅವು ಮ್ಯಾನೇಜರನ್ನು ತಾವೇ ಹುಡುಕಿಕೊಳ್ಳುತ್ತವೆ. ಹುಡುಕದಿದ್ದರೆ ಮೊದಲು ಫೈರ್‌ವಾಲ್ ನೋಡಿ, 8080 ಪೋರ್ಟ್ ತೆರೆದಿರಬೇಕು. ಆದರೆ ಈ ಪೋರ್ಟನ್ನು ಇಂಟರ್ನೆಟ್ ಕಡೆಗೆ ಎಂದೂ ತೆರೆಯಬೇಡಿ. ಫ್ಲಮೆಂಕೊ ಸ್ಟುಡಿಯೋದ ಒಳಗಿನ ಬಳಕೆಗೆ ಮಾಡಿದ್ದು, ಪಾಸ್‌ವರ್ಡ್ ಕಾವಲು ಇಲ್ಲ.

ಹಲವು ಬಗೆಯ ಸಾಫ್ಟ್‌ವೇರ್, ಹತ್ತಾರು ನೋಡ್, ಹಲವು ಪ್ರಾಜೆಕ್ಟ್ ಒಟ್ಟಿಗೆ ಇರುವವರಿಗೆ ಓಪನ್‌ಕ್ಯೂ ಇದೆ. ಸೋನಿ ಪಿಕ್ಚರ್ಸ್ ಇಮೇಜ್‌ವರ್ಕ್ಸ್ ಮತ್ತು ಗೂಗಲ್ 2019ರಲ್ಲಿ ಉಚಿತವಾಗಿ ಬಿಟ್ಟದ್ದು. ಶಕ್ತಿ ಜಾಸ್ತಿ, ಕೂರಿಸುವುದೂ ಕಷ್ಟ. ಲಿನಕ್ಸ್ ಚೆನ್ನಾಗಿ ಬಲ್ಲವರು ಜೊತೆಗಿಲ್ಲದಿದ್ದರೆ ಈಗಲೇ ಬೇಡ. ಹಣ ಕೊಟ್ಟು ಬಳಸುವ ರೆಂಡರರ್ ಆದರೆ, ಕೂತು ಕೆಲಸ ಮಾಡುವ ಲೈಸೆನ್ಸ್ ಬೇರೆ, ನೋಡ್‌ಗೆ ರೆಂಡರ್ ಲೈಸೆನ್ಸ್ ಬೇರೆ ಇರಬಹುದು. ನೋಡ್ ಕೊಳ್ಳುವ ಮೊದಲೇ ಆ ಬೆಲೆ ಕೇಳಿ.

8. ಫೈಲ್ ತಯಾರಿ

ಫಾರ್ಮ್‌ನ ಯಶಸ್ಸು ನಿಂತಿರುವುದು ಇಲ್ಲಿ. ಕಳಿಸುವ ಮೊದಲು ಇವುಗಳನ್ನು ನೋಡಿ.

ಟೆಕ್ಸ್ಚರ್‌ಗಳ ದಾರಿ. ನಿಮ್ಮ ಡೆಸ್ಕ್‌ಟಾಪ್‌ನಲ್ಲೋ, ಡಿ ಡ್ರೈವ್‌ನಲ್ಲೋ ಇರುವ ಚಿತ್ರ ನೋಡ್‌ಗೆ ಕಾಣುವುದಿಲ್ಲ. ಎಲ್ಲವನ್ನೂ ಹಂಚಿಕೆಯ ಫೋಲ್ಡರ್‌ಗೆ ತನ್ನಿ, ಬ್ಲೆಂಡರ್‌ನಲ್ಲಿ ರಿಲೇಟಿವ್ ದಾರಿಗೆ ಬದಲಿಸಿ. ಹಾಗೆ ಮಾಡಿದರೆ ಫೈಲ್ ಇರುವ ಜಾಗದಿಂದಲೇ ಉಳಿದವನ್ನು ಹುಡುಕುತ್ತದೆ. ವಿಂಡೋಸ್‌ನಲ್ಲಿ ನಿಮಗೆ ಜಡ್ ಡ್ರೈವ್ ಎಂದು ಕಾಣುವುದು, ಹಿನ್ನೆಲೆಯಲ್ಲಿ ಓಡುವ ವರ್ಕರ್‌ಗೆ ಕಾಣದೇ ಇರಬಹುದು. ಡ್ರೈವ್ ಅಕ್ಷರದ ಬದಲು ಸ್ಟೋರೇಜ್‌ನ ಪೂರ್ತಿ ನೆಟ್‌ವರ್ಕ್ ಹೆಸರನ್ನೇ ಬಳಸಿ. ಫ್ರೇಮ್‌ನಲ್ಲಿ ಕಡುಗುಲಾಬಿ ಬಣ್ಣದ ವಸ್ತು ಕಂಡರೆ ಟೆಕ್ಸ್ಚರ್ ಸಿಕ್ಕಿಲ್ಲ ಎಂದರ್ಥ.

ಸಿಮ್ಯುಲೇಶನ್. ನೀರು, ಹೊಗೆ, ಬಟ್ಟೆ, ಪುಡಿಯಾಗುವ ಗೋಡೆ, ಇವುಗಳಲ್ಲಿ ಪ್ರತಿ ಫ್ರೇಮ್ ಹಿಂದಿನ ಫ್ರೇಮ್‌ನ ಲೆಕ್ಕದ ಮೇಲೆ ನಿಂತಿರುತ್ತದೆ. 120ನೇ ಫ್ರೇಮ್ ಸಿಕ್ಕ ನೋಡ್‌ಗೆ ಮೊದಲ 119ರಲ್ಲಿ ಏನಾಯಿತು ಗೊತ್ತಿಲ್ಲ. ಹಾಗಾಗಿ ಒಂದೇ ಯಂತ್ರದಲ್ಲಿ ಪೂರ್ತಿ ಲೆಕ್ಕ ಮಾಡಿಸಿ ಡಿಸ್ಕ್‌ಗೆ ಬರೆಸಿ. ಇದನ್ನು ಬೇಕ್ ಮಾಡುವುದು ಎನ್ನುತ್ತಾರೆ, ಉಳಿಸಿದ ಫೈಲ್‌ಗಳೇ ಕ್ಯಾಶ್. ಹೊಗೆ, ಬೆಂಕಿಗೆ ಓಪನ್‌ವಿಡಿಬಿ, ಚಲಿಸುವ ಮೆಶ್‌ಗೆ ಅಲೆಂಬಿಕ್ ಸಾಮಾನ್ಯ ರೂಪಗಳು. ಬೇಕ್ ಮಾಡದೆ ಕಳಿಸಿದರೆ ಪ್ರತಿ ನೋಡ್‌ನಲ್ಲೂ ಹೊಗೆ ಬೇರೆ ಬೇರೆ ಆಕಾರದಲ್ಲಿ ಬರಬಹುದು, ಇಲ್ಲವೇ ಬರದೇ ಇರಬಹುದು.

ಬಣ್ಣದ ವ್ಯವಸ್ಥೆ. ಸಿನಿಮಾದಲ್ಲಿ ಬಳಸುವ ಎಸಿಇಎಸ್ ಎಂಬ ಬಣ್ಣದ ಪದ್ಧತಿಯಲ್ಲಿ ಕೆಲಸ ಮಾಡುತ್ತಿದ್ದರೆ ಅದರ ಓಸಿಐಒ ಕಾನ್ಫಿಗ್ ಫೈಲನ್ನು, ಅಂದರೆ ಬಣ್ಣದ ಸೆಟ್ಟಿಂಗ್ ಫೈಲನ್ನು ಎಲ್ಲಾ ನೋಡ್‌ಗೂ ತೋರಿಸಬೇಕು. ಒಂದು ನೋಡ್ ತಪ್ಪಿಸಿಕೊಂಡರೆ ಅದರ ಫ್ರೇಮ್‌ಗಳ ಬಣ್ಣವೇ ಬೇರೆ ಬರುತ್ತದೆ.

ಔಟ್‌ಪುಟ್. ವಿಡಿಯೋ ಫೈಲ್ ಆಗಿ ರೆಂಡರ್ ಮಾಡಲೇಬೇಡಿ. ಒಂದೊಂದು ಫ್ರೇಮ್ ಒಂದೊಂದು ಇಎಕ್ಸ್‌ಆರ್ ಫೈಲ್ ಆಗಲಿ. ಹೆಸರಿನಲ್ಲಿ ಪ್ರಾಜೆಕ್ಟ್, ಶಾಟ್, ಆವೃತ್ತಿ, ನಾಲ್ಕಂಕಿಯ ಫ್ರೇಮ್ ಸಂಖ್ಯೆ ಇರಲಿ. ವಿಎಫ್‌ಎಕ್ಸ್ ಸ್ಟುಡಿಯೋಗಳಲ್ಲಿ ಶಾಟನ್ನು 1001ನೇ ಫ್ರೇಮ್‌ನಿಂದ ಶುರು ಮಾಡುವ ರೂಢಿ ಇದೆ. ಮುಂದೆ ಎಡಿಟರ್ ನಾಲ್ಕು ಫ್ರೇಮ್ ಹಿಂದಿನಿಂದ ಬೇಕು ಎಂದರೂ ಸಂಖ್ಯೆ ಮೈನಸ್‌ಗೆ ಹೋಗುವುದಿಲ್ಲ. ಹೊಸ ಆವೃತ್ತಿಗೆ ಹೊಸ ಫೋಲ್ಡರ್, ಹಳೆಯದರ ಮೇಲೆ ಬರೆಯಬೇಡಿ. ವಸ್ತುಗಳನ್ನು ಬೇರೆ ಬೇರೆಯಾಗಿ ಆಯ್ದುಕೊಳ್ಳಲು ನೆರವಾಗುವ ಕ್ರಿಪ್ಟೋಮ್ಯಾಟ್ ಲೇಯರ್ ಇದ್ದರೆ 32 ಬಿಟ್ ಇಟ್ಟು, ಗುಣಮಟ್ಟ ಕಳೆಯದ ಒತ್ತುವಿಕೆ ಆರಿಸಿ. ಇಲ್ಲದಿದ್ದರೆ ಕಾಂಪೋಸಿಟಿಂಗ್‌ನಲ್ಲಿ, ಅಂದರೆ ಲೇಯರ್‌ಗಳನ್ನು ಜೋಡಿಸುವಾಗ, ವಸ್ತುವಿನ ಅಂಚು ಗುರುತಿಸುವ ಮ್ಯಾಟ್ ಒಡೆಯುತ್ತದೆ.

ಮರೆತ ಸೆಟ್ಟಿಂಗ್‌ಗಳು. ಪರೀಕ್ಷೆಗೆ ಅಂತ ರೆಸಲ್ಯೂಶನ್ 50 ಶೇಕಡಾ ಮಾಡಿದ್ದು, ಚಿತ್ರದ ಒಂದು ಭಾಗ ಮಾತ್ರ ಮಾಡುವ ರೆಂಡರ್ ರೀಜನ್ ಎಳೆದದ್ದು, ವಿವರ ಇಳಿಸುವ ಸಿಂಪ್ಲಿಫೈ ಆನ್ ಮಾಡಿದ್ದು, ವಸ್ತು ರೆಂಡರ್‌ನಲ್ಲಿ ಕಾಣದಂತೆ ಅದರ ಕ್ಯಾಮೆರಾ ಗುರುತು ಆಫ್ ಮಾಡಿದ್ದು ಹಾಗೇ ಉಳಿದಿರುತ್ತದೆ. ಇವನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ.

9. ಮೊದಲು ಚೂರು, ಆಮೇಲೆ ಪೂರ್ತಿ

ಇಡೀ ಶಾಟನ್ನು ಒಮ್ಮೆಲೇ ಹಾಕಬೇಡಿ. ಮೊದಲು ಪ್ರತಿ ನೋಡ್‌ನಲ್ಲೂ ಒಂದೊಂದು ಫ್ರೇಮ್ ಮಾಡಿಸಿ, ಹೋಲಿಸಿ ನೋಡಿ. ನಂತರ ಹತ್ತು ಫ್ರೇಮ್‌ಗೆ ಒಂದರಂತೆ ಹಾಕಿ. 240 ಫ್ರೇಮ್‌ನ ಶಾಟ್‌ಗೆ 24 ಫ್ರೇಮ್ ಸಿಗುತ್ತದೆ. ವಸ್ತು ಎಲ್ಲಿ ಮಾಯವಾಗುತ್ತದೆ, ಎಲ್ಲಿ ಮೆಮೊರಿ ಸಾಲದು, ಯಾವ ಫ್ರೇಮ್ ಭಾರ ಎಂದು ಮಲಗುವ ಮೊದಲೇ ಗೊತ್ತಾಗುತ್ತದೆ. ಆ 24 ಫ್ರೇಮ್ ವ್ಯರ್ಥವೂ ಅಲ್ಲ, ಸರಿ ಇದ್ದರೆ ಅವನ್ನು ಬಿಟ್ಟು ಉಳಿದದ್ದು ಮಾಡಿಸಿದರಾಯಿತು.

ಫ್ಲಮೆಂಕೊದಲ್ಲಿ ಚಂಕ್ ಸೈಜ್ ಎಂದಿರುತ್ತದೆ. ಒಂದು ನೋಡ್‌ಗೆ ಒಮ್ಮೆಗೆ ಎಷ್ಟು ಫ್ರೇಮ್ ಕೊಡಬೇಕು ಎಂಬ ಸಂಖ್ಯೆ ಅದು. ಫ್ರೇಮ್ 20 ನಿಮಿಷ ಹಿಡಿದರೆ 1 ಕೊಡಿ. ಒಂದೇ ನಿಮಿಷದಲ್ಲಿ ಆಗುವುದಾದರೆ 5 ಅಥವಾ 10 ಕೊಡಿ, ಫೈಲ್ ಮತ್ತೆ ಮತ್ತೆ ತೆರೆಯುವ ಸಮಯ ಉಳಿಯುತ್ತದೆ. ಅನುಮಾನವಿದ್ದರೆ ಚಿಕ್ಕ ಸಂಖ್ಯೆಯೇ ಇರಲಿ, ಕರೆಂಟ್ ಹೋದಾಗ ನಷ್ಟ ಕಡಿಮೆ.

10. ಬೆಳಿಗ್ಗೆಯ ಪರಿಶೀಲನೆ

ಮ್ಯಾನೇಜರ್ ಪುಟದಲ್ಲಿ ಎಲ್ಲಾ ಹಸಿರು ಕಂಡರೂ ನಂಬಿ ಕಳಿಸಬೇಡಿ. ಫೋಲ್ಡರ್‌ನಲ್ಲಿ ಫೈಲ್‌ಗಳ ಸಂಖ್ಯೆ ಎಣಿಸಿ. ಗಾತ್ರದ ಪ್ರಕಾರ ಜೋಡಿಸಿ ನೋಡಿ. ಅಕ್ಕಪಕ್ಕದ ಫ್ರೇಮ್‌ಗಳೆಲ್ಲ 40 ಎಂಬಿ ಇದ್ದು ಒಂದು ಮಾತ್ರ 3 ಎಂಬಿ ಇದ್ದರೆ ಅದು ಕಪ್ಪು ಫ್ರೇಮೋ ಅರ್ಧ ಫ್ರೇಮೋ ಆಗಿರುತ್ತದೆ. ಕೊನೆಗೆ ಡಿಜೆವಿಯಂಥ ಉಚಿತ ಪ್ಲೇಯರ್‌ನಲ್ಲಿ 24 ವೇಗದಲ್ಲಿ ಓಡಿಸಿ, ಕಣ್ಣಿಟ್ಟು ನೋಡಿ. ಕೆಟ್ಟ ಫ್ರೇಮ್ ಯಾವ ನೋಡ್‌ನದು ಎಂದು ಬರೆದಿಡಿ. ಒಂದೇ ನೋಡ್ ಮತ್ತೆ ಮತ್ತೆ ಬರುತ್ತಿದ್ದರೆ ಅದರ ಬಿಸಿ ಮತ್ತು ರ್ಯಾಮ್ ಪರೀಕ್ಷಿಸಿ.

11. ಬಾಡಿಗೆಗೆ ತೆಗೆದುಕೊಳ್ಳುವುದು ಯಾವಾಗ

ತಿಂಗಳಲ್ಲಿ ಅರ್ಧಕ್ಕಿಂತ ಜಾಸ್ತಿ ದಿನ ನಿಮ್ಮ ನೋಡ್‌ಗಳು ಸುಮ್ನೆ ಕೂರುತ್ತವೆ ಎಂದಾದರೆ ಸ್ವಂತ ಫಾರ್ಮ್ ಬೆಳೆಸಬೇಡಿ. ಬಿಡುಗಡೆ ಹತ್ತಿರ ಬಂದು ಕೆಲಸ ಒಮ್ಮೆಗೇ ಏರಿದಾಗ ಮಾತ್ರ ಕ್ಲೌಡ್ ಯಂತ್ರ, ಅಂದರೆ ಇಂಟರ್ನೆಟ್ ಮೂಲಕ ಬಳಸುವ ಬೇರೆ ಕಂಪನಿಯ ಕಂಪ್ಯೂಟರ್ ಬಾಡಿಗೆಗೆ ತಗೊಳ್ಳಿ. ಅಮೆಜಾನ್‌ನ ಎಡಬ್ಲ್ಯುಎಸ್‌ಗೆ ಮುಂಬೈ ಮತ್ತು ಹೈದರಾಬಾದ್‌ನಲ್ಲಿ ಕೇಂದ್ರಗಳಿವೆ. ಅಲ್ಲಿ ಸ್ಪಾಟ್ ಎಂಬ ಅಗ್ಗದ ಯಂತ್ರಗಳು ಸಿಗುತ್ತವೆ. ಆದರೆ ಅವನ್ನು ಎರಡು ನಿಮಿಷದ ಸೂಚನೆ ಕೊಟ್ಟು ಹಿಂದಕ್ಕೆ ಪಡೆಯಬಹುದು. ಫ್ರೇಮ್ ಚಿಕ್ಕದಿದ್ದರೆ ತೊಂದರೆಯಿಲ್ಲ, ಒಂದು ಫ್ರೇಮ್‌ಗೆ ಎರಡು ಗಂಟೆ ಹಿಡಿಯುವ ಕೆಲಸಕ್ಕೆ ಅವು ಬೇಡ.

ಕಳಿಸುವ ಸಮಯವನ್ನೂ ಲೆಕ್ಕಕ್ಕೆ ಸೇರಿಸಿ. ನಿಮ್ಮ ಇಂಟರ್ನೆಟ್‌ನ ಅಪ್‌ಲೋಡ್ ವೇಗ 50 ಎಂಬಿಪಿಎಸ್ ಇದ್ದರೆ 50 ಜಿಬಿ ಹೋಗಲು ಎರಡು ಗಂಟೆಗಿಂತ ಜಾಸ್ತಿ ಬೇಕು. ಶೀಪ್‌ಇಟ್ ಎಂಬ ಉಚಿತ ವ್ಯವಸ್ಥೆಯೂ ಇದೆ, ಜಗತ್ತಿನ ಬೇರೆ ಬೇರೆ ಕಡೆಯ ಸ್ವಯಂಸೇವಕರು ತಮ್ಮ ಕಂಪ್ಯೂಟರ್ ಕೊಡುತ್ತಾರೆ. ಕಲಿಕೆಯ ಕೆಲಸಕ್ಕೆ ತುಂಬಾ ಒಳ್ಳೆಯದು. ಬಿಡುಗಡೆಯಾಗದ ಸಿನಿಮಾದ ಶಾಟ್ ಅಲ್ಲಿ ಹಾಕಬೇಡಿ, ಫೈಲ್ ಅಪರಿಚಿತರ ಯಂತ್ರಕ್ಕೆ ಹೋಗುತ್ತದೆ. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಮಾಡಿದ್ದರೆ ಯಾವ ಕ್ಲೌಡ್‌ಗೂ ಕಳಿಸುವ ಮೊದಲು ನಿರ್ಮಾಪಕರಿಂದ ಲಿಖಿತ ಒಪ್ಪಿಗೆ ಪಡೆಯಿರಿ.

ಕ್ಲೌಡ್ ಖಾತೆ ತೆರೆದ ದಿನವೇ ಬಜೆಟ್ ಎಚ್ಚರಿಕೆ ಹಾಕಿ. ಅದು ಹಣ ಮಿತಿ ದಾಟಿದಾಗ ಮೇಲ್ ಕಳಿಸುತ್ತದೆ ಅಷ್ಟೇ, ಯಂತ್ರ ತಾನಾಗಿ ನಿಲ್ಲುವುದಿಲ್ಲ. ಜಾಬ್ ಮುಗಿದ ಮೇಲೆ ಫ್ರೇಮ್‌ಗಳನ್ನು ಇಳಿಸಿಕೊಂಡು, ಪರಿಶೀಲಿಸಿ, ಯಂತ್ರ ಮಾತ್ರವಲ್ಲದೆ ಅದರ ಡಿಸ್ಕನ್ನೂ ಅಳಿಸಿ. ಯಂತ್ರ ನಿಲ್ಲಿಸಿದ್ದರೂ ಡಿಸ್ಕ್ ಇರುವವರೆಗೆ ಅದರ ಬಾಡಿಗೆ ಓಡುತ್ತಲೇ ಇರುತ್ತದೆ.